ಮೆಕ್ಯಾನಿಕ್ ಸ್ಟೆತಸ್ಕೋಪ್: ಇಂಜಿನ್ ಸೌಂಡ್ ಹುಡುಕೋಕೆ ಪರವಾಗಿಲ್ಲ, ಆದ್ರೆ...

ಬಾನೆಟ್ ಒಳಗಿಂದ ಬರೋ ಸೌಂಡ್ ಎಲ್ಲಿಂದ ಅಂತ ಬರೀ ಕಿವೀಲಿ ಹೇಳೋದು ಕಷ್ಟ, ಲೋಹದಲ್ಲಿ ಶಬ್ದ ಎಲ್ಲಾ ಕಡೆ ಹರಡಿಬಿಡುತ್ತೆ, ಅದಕ್ಕೇ ಇದನ್ನ ತಗೊಂಡೆ. ಡಾಕ್ಟರ್ ಹತ್ರ ಇರೋದೇ, ತುದೀಲಿ ಬಿಲ್ಲೆ ಬದಲು ಉದ್ದ ಸ್ಟೀಲ್ ಕಡ್ಡಿ ಅಷ್ಟೇ. ಇಂಜಿನ್ ಐಡಲಲ್ಲಿ ಬಿಟ್ಟು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋದು) ಬಾಡಿ ಮೇಲೆ ಕಡ್ಡಿ ಇಟ್ರೆ ಸಣ್ಣಗೆ ಗುಂಯ್ ಅಂತಿತ್ತು, ವಾಟರ್ ಪಂಪೂ ಹಾಗೇ, ಐಡ್ಲರ್ ಪುಲ್ಲಿ (ಬೆಲ್ಟ್ ದಾರಿ ತಪ್ಪದಂಗೆ ಹಿಡಿಯೋ ಗಾಲಿ) ಬೋಲ್ಟಿಗೆ ಮುಟ್ಟಿಸ್ತಿದ್ದಂಗೆ ಮರಳು ಅರೆದಂಗೆ ಗರಗರ! ಇಂಜಿನ್ ಆಫ್ ಮಾಡಿ ಬೆಲ್ಟ್ ಬಿಚ್ಚಿ ಪುಲ್ಲಿ ಕೈಯಲ್ಲಿ ತಿರುಗಿಸಿದ್ರೂ ಅದೇ ಒರಟು, ಬೇರಿಂಗ್ ಹೋಗಿತ್ತು.

ಎಲ್ಲದಕ್ಕೂ ಇದು ಆಗಲ್ಲ ಮಾರಾಯ್ರೆ. ಇಂಧನ ಚಿಮ್ಮಿಸೋ ಇಂಜೆಕ್ಟರ್ ಟಿಕ್ ಟಿಕ್ ಕೇಳಿ ಟ್ಯಾಪೆಟ್ (ವಾಲ್ವ್ ತಳ್ಳೋ ಭಾಗ) ಹೋಯ್ತು ಅಂತ ಹೆದರ್ಬೇಡಿ, ಅದು ನಾರ್ಮಲ್ಲು. ಎಕ್ಸಾಸ್ಟ್ ಲೀಕ್ ಡೌಟ್ ಇದ್ರೆ ಕಡ್ಡಿ ತೆಗೆದು ಬರೀ ಟ್ಯೂಬಲ್ಲಿ ಹುಡುಕಿ, ಅದೂ ಇಂಜಿನ್ ತಣ್ಣಗಿದ್ದಾಗ, ಬಿಸಿ ಆದ್ಮೇಲೆ ಸಂದು ಮುಚ್ಕೊಂಡು ಸೌಂಡ್ ಎಷ್ಟೋ ಸಲ ಕಮ್ಮಿ ಆಗ್ಬಿಡುತ್ತೆ. ಇಂಜಿನ್ ಮೇಲೆ ಲೋಡ್ ಬಿದ್ದಾಗ ಮಾತ್ರ ಬರೋ ನಾಕಿಂಗ್‌ಗೆ (ಟಕ್ ಟಕ್ ಬಡಿತಕ್ಕೆ) ಗಾಡಿ ನಿಲ್ಸಿ ಕೇಳಿದ್ರೆ ಏನೂ ಸಿಗಲ್ಲ. ಇಯರ್‌ಪೀಸ್ ಗಟ್ಟಿ, ಕಿವಿ ನೋಯುತ್ತೆ. ಟ್ಯೂಬ್ ಬೇರೆ ಜೋತಾಡುತ್ತೆ, ಫ್ಯಾನ್, ಬೆಲ್ಟಿಗೆ ಸಿಗದಂಗೆ ಹುಷಾರಾಗಿ ಹಿಡ್ಕೊಳಿ.