ಗುಚ್ಚಿಯ ದಾರಿಯೋ, ಎರ್ಮೆಸ್ ದಾರಿಯೋ?

ಮನೆತನದ ವ್ಯಾಪಾರದ ಷೇರುಗಳನ್ನು ಮಕ್ಕಳಿಗೆ ಬಿಡಿಬಿಡಿಯಾಗಿ ಹಂಚಬೇಕೇ, ಒಟ್ಟಿಗೆ ಕಟ್ಟಿಡಬೇಕೇ? ಈ ಯೋಚನೆಯಲ್ಲಿರುವವರು ಮೊದಲು ಇಟಲಿಯ ಫ್ಯಾಷನ್ ಬ್ರ್ಯಾಂಡ್ ಗುಚ್ಚಿಯನ್ನು ನೋಡಬೇಕು.

ಗುಚ್ಚಿಯೊ ಗುಚ್ಚಿ 1921ರಲ್ಲಿ ಫ್ಲಾರೆನ್ಸ್‌ನಲ್ಲಿ ಚರ್ಮದ ಸಾಮಾನಿನ ಅಂಗಡಿ ತೆರೆದರು. ಮಗ ಆಲ್ಡೊ ಅದನ್ನು ನ್ಯೂಯಾರ್ಕ್‌ವರೆಗೆ ಬೆಳೆಸಿದರು. ಮುಂದೆ ಒಡೆತನ ಆಲ್ಡೊ, ರೊಡೊಲ್ಫೊ ಸೋದರರ ನಡುವೆ ಅರ್ಧರ್ಧವಾಯಿತು. ಸಮಪಾಲು ನ್ಯಾಯವಾಗಿಯೇ ಕಾಣುತ್ತದೆ, ಆದರೆ ಮನಸ್ತಾಪ ಬಂದಾಗ ಕೊನೆಯ ಮಾತು ಯಾರದು? 1983ರಲ್ಲಿ ರೊಡೊಲ್ಫೊ ತೀರಿಕೊಂಡ ಮೇಲೆ ಮಗ ಮೌರಿಜಿಯೊ ದೊಡ್ಡಪ್ಪನನ್ನೇ ಅಧಿಕಾರದಿಂದ ಇಳಿಸಿದರು. ಆಲ್ಡೊರ ಮಗ ಪಾವ್ಲೊ ತಂದೆಯ ತೆರಿಗೆ ವಂಚನೆಯ ದಾಖಲೆಗಳನ್ನು ಹೊರಹಾಕಿದರು. 81ರ ವಯಸ್ಸಿನಲ್ಲಿ ಆಲ್ಡೊ ಅಮೆರಿಕದ ಜೈಲು ಸೇರಿದರು. ಇದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಬೇಸತ್ತವರ ಪಾಲುಗಳು ಒಂದೊಂದಾಗಿ ಹೂಡಿಕೆ ಸಂಸ್ಥೆ ಇನ್ವೆಸ್ಟ್‌ಕಾರ್ಪ್ ಕೈಸೇರಿದವು. 1993ರಲ್ಲಿ ಮೌರಿಜಿಯೊ ಮಾರಿದ್ದೇ ಕೊನೆ, ಮನೆತನ ಹೊರಬಿತ್ತು. ಬ್ರ್ಯಾಂಡ್ ಮಾತ್ರ ಬೇರೆಯವರ ಕೈಯಲ್ಲಿ ಮತ್ತೆ ಮೆರೆಯಿತು.

1837ರ ಪ್ಯಾರಿಸ್ ಐಷಾರಾಮಿ ಸಾಮಾನಿನ ಸಂಸ್ಥೆ ಎರ್ಮೆಸ್‌ನಲ್ಲಿ ವಾರಸುದಾರರು ಇನ್ನೂ ಹೆಚ್ಚು. 2010ರಲ್ಲಿ ಇನ್ನೊಂದು ಐಷಾರಾಮಿ ಬ್ರ್ಯಾಂಡ್ ಸಮೂಹ ಎಲ್‌ವಿಎಂಎಚ್ ಸದ್ದಿಲ್ಲದೆ ಸುಮಾರು 17% ಷೇರು ಸೇರಿಸಿಕೊಂಡದ್ದು ಬಯಲಾದಾಗ, ಕುಟುಂಬದ 50ಕ್ಕೂ ಹೆಚ್ಚು ಮಂದಿ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಎಚ್51 ಎಂಬ ಕಂಪನಿಗೆ ಹಾಕಿ, 20 ವರ್ಷ ಮಾರುವುದಿಲ್ಲವೆಂದು ಒಪ್ಪಿಕೊಂಡರು. ಸಂಸ್ಥೆ ಕುಟುಂಬದಲ್ಲೇ ಉಳಿಯಿತು.

ಇದರಲ್ಲೂ ತೊಡಕಿದೆ: ತುರ್ತಾಗಿ ಹಣ ಬೇಕಾದವರು ಕಟ್ಟಿಟ್ಟ ಪಾಲನ್ನು ಮಾರುವಂತಿಲ್ಲ. ಎಲ್ಲರೂ ಬೇರೆ ಬೇರೆ ಕಸುಬು ಹಿಡಿದಿದ್ದರೆ, ಒಳ್ಳೆಯ ಬೆಲೆ ಬಂದಾಗ ಒಟ್ಟಿಗೆ ಮಾರುವುದೇ ಲೇಸು. ವ್ಯಾಪಾರ ಮನೆಯಲ್ಲೇ ಉಳಿಯಬೇಕೆಂದರೆ ನಾನು ಎರ್ಮೆಸ್ ದಾರಿಯನ್ನೇ ಹೇಳುತ್ತೇನೆ, ಅದೂ ಹಿರಿಯರು ಬದುಕಿರುವಾಗಲೇ, ಲಿಖಿತವಾಗಿ.