ಸಬ್‌ಮರೀನರೋ, ಸೀಮಾಸ್ಟರೋ?

ಎರಡೂ ಮುಳುಗುಗಾರರ ಗಡಿಯಾರ. ಎರಡಕ್ಕೂ 300 ಮೀಟರ್ ಆಳದ ನೀರಿನ ಒತ್ತಡ ತಡೆಯುವ ಶಕ್ತಿ. ಕೊಂಡವರು ಕೈ ತೊಳೆಯುವಾಗಲೂ ಬಿಚ್ಚಿಡುತ್ತಾರೆ ಎನ್ನುವುದು ಬೇರೆ ಮಾತು.

ರೋಲೆಕ್ಸ್ ಸಬ್‌ಮರೀನರ್ 1953ರಿಂದ ಇದೆ. 2020ರಲ್ಲಿ ಬಂದ 41 ಮಿಲಿಮೀಟರ್ ಆವೃತ್ತಿ ಒಮ್ಮೆ ಚಾವಿ ತುಂಬಿದರೆ ಸುಮಾರು 70 ಗಂಟೆ ನಡೆಯುತ್ತದೆ. ಅಂದರೆ ಶುಕ್ರವಾರ ರಾತ್ರಿ ಕಳಚಿಟ್ಟು ಸೋಮವಾರ ಬೆಳಗ್ಗೆ ಮತ್ತೆ ಕಟ್ಟಿಕೊಳ್ಳಬಹುದು. ಅದರ ಪಟ್ಟಿಯ ಕೊಂಡಿ ನನಗೆ ತುಂಬ ಇಷ್ಟ: ಸೆಕೆಗೆ ಮಣಿಕಟ್ಟು ಊದಿದರೆ ಯಾವ ಸಲಕರಣೆಯೂ ಇಲ್ಲದೆ ಎರಡೆರಡು ಮಿಲಿಮೀಟರ್ ಸಡಿಲಿಸಬಹುದು.

ಒಮೆಗಾ ಸೀಮಾಸ್ಟರ್ ಡೈವರ್ 300ಎಂ 1993ರದ್ದು. 1995ರಿಂದ ಜೇಮ್ಸ್ ಬಾಂಡ್ ಕೈಯಲ್ಲಿರುವುದು ಸೀಮಾಸ್ಟರ್ ಮನೆತನವೇ. ಈಗಿನದು 42 ಮಿಲಿಮೀಟರ್, ನಡೆಯುವುದು 55 ಗಂಟೆ. ಆದರೆ ಗಡಿಯಾರದ ಓಟ ಕೆಡಿಸುವ ಕಾಂತಕ್ಷೇತ್ರ 15,000 ಗೌಸ್ (ಅದನ್ನು ಅಳೆಯುವ ಮಾನ) ಇದ್ದರೂ ಜಗ್ಗುವುದಿಲ್ಲ. ಸ್ಪೀಕರ್, ಮೊಬೈಲ್‌ಗಳ ನಡುವೆ ದಿನ ಕಳೆಯುವವರಿಗೆ ಇದು ಸಣ್ಣ ಗುಣವಲ್ಲ. ಬೆನ್ನಿನ ನೀಲಮಣಿ ಗಾಜಿನಿಂದ ಯಂತ್ರವೂ ಕಾಣುತ್ತದೆ. ರೋಲೆಕ್ಸ್‌ನದು ಮುಚ್ಚಿದ ಉಕ್ಕು.

ಬೆಲೆಯಲ್ಲಿ ಒಮೆಗಾ ಸಾಕಷ್ಟು ಕೆಳಗೆ, ಅಂಗಡಿಯಲ್ಲಿ ಸುಲಭವಾಗಿಯೂ ಸಿಗುತ್ತದೆ. ರೋಲೆಕ್ಸ್‌ಗೆ ಹೆಸರು ಬರೆಸಿ ಕಾಯಬೇಕು, ಮರುಮಾರಾಟದಲ್ಲಿ ಮಾತ್ರ ಅದೇ ಗಟ್ಟಿ. ಮಾರುವ ಯೋಚನೆಯೇ ಇಲ್ಲದಿದ್ದರೆ ನನ್ನ ಮತ ಒಮೆಗಾಗೆ.