ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್: ಟೇಬಲ್‌ನ ಒಡೆತನ ಯಾರದು?

ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎರಡೂ ದತ್ತಾಂಶವನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್ ತಂತ್ರಾಂಶಗಳು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಟೇಬಲ್‌ಗೂ ಒಬ್ಬ ಒಡೆಯನಿರುತ್ತಾನೆ. ಅದನ್ನು ರಚಿಸಿದ ರೋಲ್‌ಗೇ (ಅಂದರೆ ಬಳಕೆದಾರ ಖಾತೆ ಅಥವಾ ಅಂಥ ಖಾತೆಗಳ ಗುಂಪಿಗೆ) ಒಡೆತನ ಸಲ್ಲುತ್ತದೆ. ಟೇಬಲ್ ಅಳಿಸುವ ಹಕ್ಕನ್ನು ಅನುಮತಿ ಕೊಡುವ 'ಗ್ರಾಂಟ್' ಆದೇಶದ ಮೂಲಕ ಬೇರೆಯವರಿಗೆ ಕೊಡಲು ಬರುವುದಿಲ್ಲ. ಆದ್ದರಿಂದ ಸಿಬ್ಬಂದಿಯೊಬ್ಬರು ಕೆಲಸ ಬಿಟ್ಟಾಗ, ಅವರ ರೋಲ್ ತೆಗೆಯುವ ಮುನ್ನ ಅದರ ಹೆಸರಿನಲ್ಲಿರುವ ಎಲ್ಲವನ್ನೂ 'ರೀಅಸೈನ್ ಓನ್ಡ್' ಆದೇಶದಿಂದ ಮತ್ತೊಂದು ರೋಲ್‌ಗೆ ವರ್ಗಾಯಿಸಿ, ಉಳಿದ ಅನುಮತಿಗಳನ್ನು ಹಿಂಪಡೆಯಬೇಕು. ವ್ಯಕ್ತಿಗಳ ಬದಲು ಲಾಗಿನ್ ಇಲ್ಲದ ರೋಲ್ ಒಂದಕ್ಕೆ ಒಡೆತನ ಕೊಡುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ.

ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗೆ ಒಡೆಯನೆಂಬವನೇ ಇಲ್ಲ. ಯಾರಿಗೆ ಯಾವ ಹಂತದಲ್ಲಿ ಅನುಮತಿಯಿದೆ ಎಂಬುದಷ್ಟೇ ಮುಖ್ಯ. ವ್ಯೂ (ಉಳಿಸಿಟ್ಟ ಪ್ರಶ್ನೆ), ಪ್ರೊಸೀಜರ್ (ಉಳಿಸಿಟ್ಟ ಆದೇಶಗಳ ಸರಣಿ) ಮುಂತಾದವುಗಳಿಗೆ 'ಡಿಫೈನರ್' ಎಂಬ ಖಾತೆ ಇರುತ್ತದೆ, ಆ ಖಾತೆಯನ್ನು ಅಳಿಸಿದರೆ ಅವು ಕೆಲಸ ನಿಲ್ಲಿಸಬಹುದು. ಇಲ್ಲಿ ರೋಲ್‌ಗಳು, ಅಂದರೆ ಹೆಸರಿಟ್ಟ ಅನುಮತಿಗಳ ಗುಂಪುಗಳು, ಬಂದದ್ದು 2018ರ 8.0 ಆವೃತ್ತಿಯಲ್ಲಿ.

ಇಡೀ ಡೇಟಾಬೇಸ್ ಮೇಲೆ ಕೊಟ್ಟ ಅನುಮತಿ ಮೈಎಸ್‌ಕ್ಯೂಎಲ್‌ನಲ್ಲಿ ಮುಂದೆ ಹುಟ್ಟುವ ಟೇಬಲ್‌ಗಳಿಗೂ ಅನ್ವಯಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಕೀಮಾದ (ಡೇಟಾಬೇಸ್‌ನೊಳಗಿನ ಒಂದು ವಿಭಾಗದ) ಎಲ್ಲ ಟೇಬಲ್‌ಗಳಿಗೆಂದು ಕೊಟ್ಟ ಅನುಮತಿ ಆ ಹೊತ್ತಿಗೆ ಇರುವವುಗಳಿಗೆ ಮಾತ್ರ. ಹೊಸದಕ್ಕೆ 'ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್' ಬೇಕು, ಅದೂ ಟೇಬಲ್ ರಚಿಸುವ ರೋಲ್‌ನ ಹೆಸರಿನಲ್ಲಿ.

ಒಂದೇ ಟೇಬಲ್‌ನಲ್ಲಿ ಹಲವು ಗ್ರಾಹಕರ ದಾಖಲೆಗಳಿದ್ದರೆ ಪೋಸ್ಟ್‌ಗ್ರೆಸ್ಸನ್ನೇ ಆರಿಸಿ, 9.5 ಆವೃತ್ತಿಯಿಂದ ಅದರಲ್ಲಿ ಯಾರಿಗೆ ಯಾವ ಸಾಲು ಸಿಗಬೇಕೆಂದು ನಿರ್ಧರಿಸುವ ಸಾಲುಮಟ್ಟದ ನಿಯಂತ್ರಣವಿದೆ. ಆದರೆ ಟೇಬಲ್‌ನ ಒಡೆಯನಿಗೆ ಆ ನಿಯಂತ್ರಣ ತಾನಾಗಿ ಅನ್ವಯಿಸುವುದಿಲ್ಲವಾದ್ದರಿಂದ, ನಿಮ್ಮ ಅಪ್ಲಿಕೇಶನ್ ಒಡೆಯನ ಖಾತೆಯಿಂದ ಸಂಪರ್ಕಿಸದಂತೆ ನೋಡಿಕೊಳ್ಳಿ.